ಮತದಾನದ ದಿನದ ಅಂಕಿಗಳನ್ನು ಓದುವುದು ಹೇಗೆ?

ಮತದಾನದ ದಿನ ಬೆಳಿಗ್ಗೆ ಒಂಬತ್ತೂವರೆಗೆ ಟಿ.ವಿ. ಹಾಕಿದರೆ ‘ಬಿರುಸಿನ ಮತದಾನ’ ಅಥವಾ ‘ಮಂದಗತಿಯ ಮತದಾನ’, ಈ ಎರಡರಲ್ಲಿ ಒಂದು ಪರದೆಯ ಮೇಲೆ ಓಡುತ್ತಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಹೋಟೆಲು, ಬಸ್ ನಿಲ್ದಾಣ, ಅರಳಿಕಟ್ಟೆ ಎಲ್ಲೆಡೆಯೂ ಹೋಬಳಿವಾರು, ಜಾತಿವಾರು ಕೂಡಿ ಕಳೆಯುವ ಲೆಕ್ಕಾಚಾರ ಜೋರಾಗುತ್ತದೆ. ಊರಿಗೆ ಊರೇ ಅಂಕಗಣಿತ ಮಾಡುವ ಈ ದಿನ ನನಗೆ ಬಹಳ ಇಷ್ಟ. ಆದರೆ ಲೆಕ್ಕ ದಾರಿ ತಪ್ಪಿದರೆ ಅದರ ಪೆಟ್ಟು ಬೀಳುವುದು ಇನ್ನೂ ಮತ ಹಾಕದವರ ಮೇಲೆ. ‘ನಮ್ಮವರು ಗೆದ್ದಾಯಿತು’ ಎಂದೋ ‘ಸೋತಾಯಿತು’ ಎಂದೋ ಯಾರೋ ಅಂದ ಮಾತು ಕೇಳಿ ಮನೆಯಲ್ಲೇ ಉಳಿದವರನ್ನು ನಾನು ಕಂಡಿದ್ದೇನೆ. 2023ರಲ್ಲಿ ಜಯನಗರದ ಫಲಿತಾಂಶ ನಿರ್ಧಾರವಾದದ್ದು 16 ಮತಗಳಿಂದ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಒಂದು ಮತದಿಂದ. ಹಾಗಾಗಿ ಅಂಕಿಗಳನ್ನು ಹಿಂಬಾಲಿಸುವ ಕ್ರಮವನ್ನು ಮೊದಲೇ ತಿಳಿದಿರುವುದು ಒಳ್ಳೆಯದು. 2023ರ ಮೇ 10ರ ವಿಧಾನಸಭಾ ಚುನಾವಣೆಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಹಿಂದಿನ ದಿನವೇ ಹಾಳೆ ಸಿದ್ಧವಿರಲಿ

ಒಂದು ಹಾಳೆಯಲ್ಲಿ 9, 11, 1, 3, 5 ಗಂಟೆ ಎಂದು ಸಾಲು ಹಾಕಿ, ಕೆಳಗೆ ‘ಅಂತಿಮ’ ಎಂದು ಇನ್ನೊಂದು ಸಾಲು ಬರೆಯಿರಿ. ಎಡಗಡೆ ಕಳೆದ ಚುನಾವಣೆಯ ಅಂಕಿ, ಬಲಗಡೆ ಈ ಬಾರಿಯದು. ರಾಜ್ಯಕ್ಕೊಂದು, ನಿಮ್ಮ ಕ್ಷೇತ್ರಕ್ಕೊಂದು ಕಾಲಂ ಇರಲಿ. ಸಾಧ್ಯವಾದರೆ ನಿಮ್ಮ ಮತಗಟ್ಟೆಗೂ ಒಂದು: ಮತದಾರರ ಪಟ್ಟಿಯಲ್ಲಿನ ಭಾಗದ ಸಂಖ್ಯೆ, ಒಟ್ಟು ಮತದಾರರು, ಕಳೆದ ಬಾರಿ ಬಿದ್ದ ಮತ. ಮತದಾರರ ಪಟ್ಟಿಯೂ ಮತಗಟ್ಟೆವಾರು ಫಲಿತಾಂಶವಿರುವ ನಮೂನೆ 20 ಕೂಡ ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಸಿಗುತ್ತವೆ.

ವಿಧಾನಸಭೆಯನ್ನು ವಿಧಾನಸಭೆಯ ಜೊತೆಗೇ, ಲೋಕಸಭೆಯನ್ನು ಲೋಕಸಭೆಯ ಜೊತೆಗೇ ಹೋಲಿಸಿ. ಊರಿನ ವಿಷಯದಲ್ಲೂ ಹಾಗೆಯೇ. 2024ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದಲ್ಲಿ ಶೇ 81ಕ್ಕೂ ಹೆಚ್ಚು ಮತದಾನವಾದರೆ ಬೆಂಗಳೂರು ದಕ್ಷಿಣದಲ್ಲಿ ಆದದ್ದು ಸುಮಾರು ಶೇ 53. ಇವೆರಡನ್ನು ಪಕ್ಕಪಕ್ಕ ಇಟ್ಟು ನಗರದವರನ್ನು ಬೈಯುವುದು ಪ್ರತಿ ಚುನಾವಣೆಯ ವಾಡಿಕೆ. ಆದರೆ ಬೆಂಗಳೂರಿನಲ್ಲಿ ಈ ಬಾರಿ ಏನಾಯಿತು ಎಂಬುದು ತಿಳಿಯಬೇಕಾದರೆ ಬೆಂಗಳೂರಿನದೇ ಹಳೆಯ ಅಂಕಿ ಬೇಕು.

ಅಂಕಿ ಎಲ್ಲಿ ಹುಟ್ಟುತ್ತದೆ ಎಂದು ತಿಳಿಯಿರಿ

ನಾನು ಒಮ್ಮೆ ಹಳ್ಳಿಯ ಶಾಲೆಯೊಂದರಲ್ಲಿ ಮತಗಟ್ಟೆ ಅಧ್ಯಕ್ಷಾಧಿಕಾರಿಯಾಗಿದ್ದೆ. ಗಂಟೆ ಹನ್ನೊಂದಾಗುತ್ತಿತ್ತು. ಹಲವು ಮತಗಟ್ಟೆಗಳ ಉಸ್ತುವಾರಿ ಹೊತ್ತ ಸೆಕ್ಟರ್ ಅಧಿಕಾರಿಯ ಕರೆ ಬರುತ್ತಿದೆ, ಅಂಕಿ ಬೇಕಂತೆ. ಅದೇ ಹೊತ್ತಿಗೆ ಅಜ್ಜಿಯೊಬ್ಬರು ಮತ ಹಾಕುವ ಮರೆಯೊಳಗೆ ಹೋಗಿದ್ದಾರೆ. ಅವರು ಗುಂಡಿ ಒತ್ತಿ ಬೀಪ್ ಸದ್ದು ಕೇಳುವವರೆಗೆ ಮತಯಂತ್ರದ ಕಂಟ್ರೋಲ್ ಯೂನಿಟ್‌ನ ‘ಟೋಟಲ್’ ಗುಂಡಿಯನ್ನು ಒತ್ತುವಂತಿಲ್ಲ. ಹೊರಗೆ ಬಿಸಿಲಲ್ಲಿ ಐವತ್ತು ಜನ ನಿಂತಿದ್ದಾರೆ. ಕೊನೆಗೂ ಸದ್ದು ಬಂತು, ಗುಂಡಿ ಒತ್ತಿದೆ, ಪುಟ್ಟ ಪರದೆಯಲ್ಲಿ ಸಂಖ್ಯೆ ಮೂಡಿತು, ಫೋನಿನಲ್ಲಿ ಹೇಳಿದೆ, ಅವರು ಬರೆದುಕೊಂಡರು. ಟಿ.ವಿ.ಯಲ್ಲಿ ನೀವು ನೋಡುವ ಶೇಕಡಾವಾರಿನ ಬೇರು ಅಲ್ಲಿದೆ.

ಒಂದು ಮತಗಟ್ಟೆಯ ಅಧಿಕಾರಿ ಹತ್ತು ನಿಮಿಷ ಮೊದಲು ಹೇಳಿರುತ್ತಾರೆ, ಇನ್ನೊಬ್ಬರು ಕಾಲು ಗಂಟೆ ತಡವಾಗಿ. ಕಾಡಂಚಿನ ಮತಗಟ್ಟೆಯಲ್ಲಿ ಸಿಗ್ನಲ್ ಇರುವುದಿಲ್ಲ. ಅದಕ್ಕೇ ಚುನಾವಣಾ ಆಯೋಗ ಎರಡೆರಡು ಗಂಟೆಗೊಮ್ಮೆ ಕೊಡುವ ಅಂಕಿಯನ್ನು ‘ಅಂದಾಜು’ ಎಂದೇ ಕರೆಯುತ್ತದೆ. 2025ರ ಬಿಹಾರ ಚುನಾವಣೆಯಿಂದ ಅಧ್ಯಕ್ಷಾಧಿಕಾರಿಯೇ ಇಸಿಐನೆಟ್ ಎಂಬ ಆ್ಯಪ್‌ನಲ್ಲಿ ನೇರವಾಗಿ ಸಂಖ್ಯೆ ದಾಖಲಿಸುವ ವ್ಯವಸ್ಥೆ ಬಂದಿದೆ. ಇದರಿಂದ ವಿಳಂಬ ಕಡಿಮೆಯಾಗುತ್ತದೆ. ಆದರೂ ಸಾಲಿನಲ್ಲಿ ಜನ ನಿಂತಿರುವಾಗ ಮೊದಲ ಆದ್ಯತೆ ಅವರಿಗೇ ಇರಬೇಕು, ಇರುತ್ತದೆ.

ಅದೇ ಹೊತ್ತಿಗೆ ಅದೇ ಹೊತ್ತನ್ನು ಹೋಲಿಸಿ

2023ರ ಮೇ 10ರಂದು ರಾಜ್ಯದ ಅಂಕಿ ಹೀಗೆ ಏರಿತು: ಒಂಬತ್ತಕ್ಕೆ ಸುಮಾರು ಶೇ 8, ಹನ್ನೊಂದಕ್ಕೆ ಸುಮಾರು 21, ಒಂದಕ್ಕೆ 37, ಮೂರಕ್ಕೆ 52, ಐದಕ್ಕೆ 65.69. ಒಂಬತ್ತರ ಅಂಕಿ ಯಾವಾಗಲೂ ಬಡಕಲಾಗಿಯೇ ಇರುತ್ತದೆ. ಅದನ್ನು ನೋಡಿ ‘ನೀರಸ’ ಎಂದು ಶೀರ್ಷಿಕೆ ಕೊಡುವವರು ಕಳೆದ ಬಾರಿ ಒಂಬತ್ತಕ್ಕೆ ಎಷ್ಟಿತ್ತು ಎಂದು ಹೇಳದಿದ್ದರೆ ಆ ಸುದ್ದಿಗೆ ಬೆಲೆ ಕೊಡಬೇಡಿ. ನಿಮ್ಮ ಹಾಳೆಯ ಎಡಗಡೆಯ ಕಾಲಂ ಇರುವುದೇ ಇದಕ್ಕೆ. ಕ್ಷೇತ್ರದ ಮಟ್ಟದಲ್ಲಿ ಎರಡು ಮೂರು ಶೇಕಡಾ ಅಂಶಗಳ ಏರಿಳಿತಕ್ಕೆ ಅರ್ಥ ಹುಡುಕಲು ಹೋಗಬೇಡಿ. ಬೆಳಿಗ್ಗೆ ಮಳೆ ಬಂದರೂ, ಒಂದು ಯಂತ್ರ ಅರ್ಧ ಗಂಟೆ ಕೈಕೊಟ್ಟರೂ ಅಷ್ಟು ವ್ಯತ್ಯಾಸವಾಗುತ್ತದೆ.

ಐದು ಗಂಟೆಯ ಮೇಲೆ ಏರುವ ಅಂಕಿ

ಅತಿ ಹೆಚ್ಚು ಅನುಮಾನ ಹುಟ್ಟುವುದು ಇಲ್ಲಿ, ಆದ್ದರಿಂದ ಸ್ವಲ್ಪ ನಿಂತು ನೋಡೋಣ. ಅಂದು ಐದಕ್ಕೆ ಶೇ 65.69 ಇದ್ದದ್ದು ಅಂತಿಮವಾಗಿ ಶೇ 73.19ಕ್ಕೆ ಬಂದು ನಿಂತಿತು. ‘ಏಳೂವರೆ ಶೇಕಡಾ ಅಂಶ ಎಲ್ಲಿಂದ ಬಂತು? ನಲವತ್ತು ಲಕ್ಷ ಮತ!’ ಎಂದರೆ ಯಾರಿಗಾದರೂ ದಿಗಿಲಾಗುತ್ತದೆ.

ಕಾಗದ, ಪೆನ್ನು ಹಿಡಿಯಿರಿ. ಮತದಾರರು ಸುಮಾರು 5.31 ಕೋಟಿ, ಮತಗಟ್ಟೆಗಳು 58,545. ಅಂದರೆ ಮತಗಟ್ಟೆಗೆ ಸರಾಸರಿ 900 ಚಿಲ್ಲರೆ ಮತದಾರರು, ಅವರಲ್ಲಿ ಮತ ಹಾಕಿದವರು ಸರಾಸರಿ 660 ಮಂದಿ. ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ ಹನ್ನೊಂದು ಗಂಟೆ. ಗಂಟೆಗೆ 60, ಅಂದರೆ ನಿಮಿಷಕ್ಕೊಬ್ಬರು. ಈಗ ಆ ನಲವತ್ತು ಲಕ್ಷವನ್ನು 58,545ರಿಂದ ಭಾಗಿಸಿ: ಮತಗಟ್ಟೆಗೆ 68 ಜನ. ಕೊನೆಯ ಒಂದು ಗಂಟೆಯಲ್ಲಿ, ಆರರ ನಂತರವೂ ಸಾಲಿನಲ್ಲಿ ಉಳಿದವರು ಮತ ಹಾಕುವಷ್ಟರಲ್ಲಿ, ಒಂದು ಕೊಠಡಿಯಲ್ಲಿ 68 ಜನ ಮತ ಹಾಕುವುದು ದಿನದ ಉಳಿದ ಗಂಟೆಗಳ ವೇಗಕ್ಕೆ ಸರಿಯಾಗಿಯೇ ಇದೆ.

ಆರು ಗಂಟೆಗೆ ಬಾಗಿಲು ಹಾಕಿಬಿಡುವುದಿಲ್ಲ. ಅಷ್ಟು ಹೊತ್ತಿಗೆ ಸಾಲಿನಲ್ಲಿ ಇರುವವರಿಗೆಲ್ಲ ಅಧ್ಯಕ್ಷಾಧಿಕಾರಿ ಸಹಿ ಮಾಡಿದ ಚೀಟಿ ಹಂಚುತ್ತಾರೆ. ಹಂಚುವುದು ಸಾಲಿನ ಬಾಲದಿಂದ: ಎಲ್ಲರಿಗಿಂತ ಹಿಂದೆ ನಿಂತವರಿಗೆ 1ನೇ ಚೀಟಿ. ನಂತರ ಬಂದವರು ಹಿಂದೆ ಸೇರಿಕೊಳ್ಳದಿರಲಿ ಎಂದು ಈ ಕ್ರಮ. ನಾನು 1ನೇ ಚೀಟಿ ಕೊಟ್ಟದ್ದು ಹೊಲದಿಂದ ನೇರವಾಗಿ ಬಂದಿದ್ದ, ಕಾಲಿಗೆ ಕೆಸರು ಮೆತ್ತಿದ್ದ ಒಬ್ಬ ಹೆಂಗಸಿಗೆ. ಅವರ ಸರದಿ ಬರುವ ಹೊತ್ತಿಗೆ ಏಳು ಗಂಟೆಯ ಹತ್ತಿರವಾಗಿತ್ತು. ಅವರ ಮತ ಐದು ಗಂಟೆಯ ಅಂಕಿಯಲ್ಲಿ ಇರಲಿಲ್ಲ.

ಇಷ್ಟಾದ ಮೇಲೂ ಅನುಮಾನಕ್ಕೆ ಆಯೋಗವೇ ಎಡೆ ಮಾಡಿಕೊಟ್ಟ ಸಂದರ್ಭವಿದೆ. 2024ರ ಏಪ್ರಿಲ್ 19ರಂದು ನಡೆದ ಲೋಕಸಭೆಯ ಮೊದಲ ಹಂತದ ದಿನ ಸಂಜೆ ಸುಮಾರು ಶೇ 60 ಎಂದು ಹೇಳಿ, ಶೇ 66.14 ಎಂಬ ಅಂಕಿ ಕೊಟ್ಟದ್ದು ಏಪ್ರಿಲ್ 30ಕ್ಕೆ. ಹನ್ನೊಂದು ದಿನ! ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಮತಗಟ್ಟೆವಾರು ವಿವರ ಪ್ರಕಟಿಸುವಂತೆ ಮಧ್ಯಂತರ ಆದೇಶ ನೀಡಲು ಮೇ 24ರಂದು ಕೋರ್ಟ್ ನಿರಾಕರಿಸಿತು. ಮರುದಿನ ಆಯೋಗವೇ ಅದುವರೆಗಿನ ಹಂತಗಳಲ್ಲಿ ಪ್ರತಿ ಕ್ಷೇತ್ರದಲ್ಲೂ ಚಲಾವಣೆಯಾದ ಮತಗಳ ಸಂಖ್ಯೆಯನ್ನು ಪ್ರಕಟಿಸಿತು. ಮೊದಲೇ ಕೊಡಬಹುದಾಗಿದ್ದ ಸಂಖ್ಯೆಗಳವು. ತಡವಾದಷ್ಟು ದಿನವೂ ಜನರ ನಂಬಿಕೆ ಸವೆಯುತ್ತದೆ.

ನಿಮಗೆ ಗಟ್ಟಿಯಾದ ಸಂಖ್ಯೆಯೇ ಬೇಕೆಂದಿದ್ದರೆ ನೆನಪಿಡಬೇಕಾದ ಹೆಸರು ನಮೂನೆ 17ಸಿ. ಮತದಾನ ಮುಗಿದು ‘ಕ್ಲೋಸ್’ ಗುಂಡಿ ಒತ್ತಿದ ಮೇಲೆ ಯಂತ್ರದಲ್ಲಿ ಎಷ್ಟು ಮತ ಇದೆ ಎಂದು ಅಧ್ಯಕ್ಷಾಧಿಕಾರಿ ಇದರಲ್ಲಿ ಬರೆದು, ಅಲ್ಲಿರುವ ಪಕ್ಷಗಳ ಏಜೆಂಟರಿಗೆ ಪ್ರತಿ ಕೊಡುತ್ತಾರೆ. ನಿಮ್ಮ ಮತಗಟ್ಟೆಯಲ್ಲಿ ಏಜೆಂಟರಾಗಿ ಕೂತವರು ಪರಿಚಯದವರೇ ಆಗಿರುತ್ತಾರೆ. ಅಂದು ರಾತ್ರಿಯೇ ಕೇಳಿ, ಹಾಳೆಯ ‘ಅಂತಿಮ’ ಸಾಲಿನಲ್ಲಿ ಬರೆದುಕೊಳ್ಳಿ.

ಛೇದವನ್ನು ಮರೆಯಬೇಡಿ

ಶೇಕಡಾವಾರು ಎಂದರೆ ಭಾಗಾಕಾರ. ಮೇಲಿನ ಅಂಶವನ್ನು ಎಲ್ಲರೂ ನೋಡುತ್ತಾರೆ, ಕೆಳಗಿನ ಛೇದವನ್ನು ನೋಡುವವರು ಕಡಿಮೆ. ಮನೆ ಬದಲಿಸಿದವರು, ತೀರಿಕೊಂಡವರು ಪಟ್ಟಿಯಲ್ಲಿ ಉಳಿದಿದ್ದರೆ ಮತದಾನ ಕಡಿಮೆಯಾದಂತೆ ಕಾಣುತ್ತದೆ; ಪಟ್ಟಿಯಿಂದ ದೊಡ್ಡ ಸಂಖ್ಯೆಯಲ್ಲಿ ಹೆಸರು ತೆಗೆದರೆ ಅಷ್ಟೇ ಜನ ಬಂದರೂ ಶೇಕಡಾವಾರು ಏರುತ್ತದೆ. ಆದ್ದರಿಂದ ಶೇಕಡಾವಾರಿನ ಪಕ್ಕದಲ್ಲಿ ಮತ ಹಾಕಿದವರ ತಲೆ ಎಣಿಕೆಯನ್ನೂ ಬರೆದಿಡಿ. ಹಿರಿಯ ನಾಗರಿಕರು, ಅಂಗವಿಕಲರು ಮನೆಯಿಂದಲೇ ಹಾಕಿದ ಮತ ಮತ್ತು ಇತರ ಅಂಚೆ ಮತಗಳು ಎರಡು ಗಂಟೆಗೊಮ್ಮೆ ಬರುವ ಅಂಕಿಯಲ್ಲಿ ಸೇರಿರುವುದಿಲ್ಲ.

ಮೊಬೈಲಿಗೆ ಬಂದದ್ದನ್ನು ಮುಂದಕ್ಕೆ ಕಳಿಸುವ ಮೊದಲು

2023ರ ಮತದಾನದ ದಿನ ವಿಜಯಪುರ ಜಿಲ್ಲೆಯ ಮಸಬಿನಾಳದಲ್ಲಿ ಅಧಿಕಾರಿಯ ವಾಹನದಲ್ಲಿ ಮತಯಂತ್ರಗಳು ಕಂಡವು. ಯಂತ್ರ ಸಾಗಿಸುತ್ತಿದ್ದಾರೆ ಎಂಬ ಮಾತು ಹಬ್ಬಿ, ಊರವರು ವಾಹನ ತಡೆದು ಯಂತ್ರಗಳನ್ನು ಒಡೆದು ಹಾಕಿದರು. ಅವು ಕಾಯ್ದಿರಿಸಿದ ಯಂತ್ರಗಳು. ಯಾವುದಾದರೂ ಮತಗಟ್ಟೆಯಲ್ಲಿ ಯಂತ್ರ ಕೆಟ್ಟರೆ ಬದಲಿಸಲೆಂದೇ ಸೆಕ್ಟರ್ ಅಧಿಕಾರಿಗಳ ವಾಹನದಲ್ಲಿ ಅವು ಇರುತ್ತವೆ. ಈ ಒಂದು ಸಂಗತಿ ಮೊದಲೇ ಗೊತ್ತಿದ್ದಿದ್ದರೆ ಆ ಊರಿನ ಜನ ಪೊಲೀಸ್ ಠಾಣೆಗೆ ಅಲೆಯುವುದು ತಪ್ಪುತ್ತಿತ್ತು. ಅನುಮಾನ ಬಂದರೆ ವಿಡಿಯೊ ಹಂಚುವ ಬದಲು 1950ಕ್ಕೆ ಕರೆ ಮಾಡಿ, ಅಥವಾ ಆಯೋಗದ ಸಿ-ವಿಜಿಲ್ ಆ್ಯಪ್‌ನಲ್ಲಿ ದೂರು ಕೊಡಿ.

ಮತದಾನದ ದಿನ ಬೆಳಿಗ್ಗೆಯೇ ‘ಸಮೀಕ್ಷೆ’ ಬಂದಿದ್ದರೆ ಅದು ಸುಳ್ಳು, ಇಲ್ಲವೇ ಕಾನೂನುಬಾಹಿರ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 126ಎ ಕಲಮಿನ ಪ್ರಕಾರ ಮತದಾನ ಮುಗಿದು ಅರ್ಧ ಗಂಟೆಯಾಗುವವರೆಗೆ ಮತಗಟ್ಟೆ ಸಮೀಕ್ಷೆಯನ್ನು (ಎಕ್ಸಿಟ್ ಪೋಲ್) ಪ್ರಕಟಿಸುವಂತಿಲ್ಲ. ಹಲವು ಹಂತಗಳಿದ್ದರೆ ಕೊನೆಯ ಹಂತ ಮುಗಿಯುವವರೆಗೂ ಕಾಯಬೇಕು. 2018ರಲ್ಲಿ ಬಿಬಿಸಿ ಹೆಸರಿನಲ್ಲಿ ಕರ್ನಾಟಕದ ಸಮೀಕ್ಷೆಯೊಂದು ವಾಟ್ಸ್‌ಆ್ಯಪ್‌ನಲ್ಲಿ ಓಡಾಡಿತು; ತಾನು ಭಾರತದಲ್ಲಿ ಚುನಾವಣಾಪೂರ್ವ ಸಮೀಕ್ಷೆ ನಡೆಸುವುದೇ ಇಲ್ಲ ಎಂದು ಬಿಬಿಸಿ ಸ್ಪಷ್ಟಪಡಿಸಬೇಕಾಯಿತು.

ಸಂಜೆ ಆರೂವರೆಯ ನಂತರ

ಸಮೀಕ್ಷೆ ನೋಡುವಾಗ ಸೀಟುಗಳಿಗಿಂತ ಮೊದಲು ಮತಗಳ ಪ್ರಮಾಣ ಹುಡುಕಿ. 2018ರಲ್ಲಿ ಬಿಜೆಪಿಗೆ ಶೇ 36ರಷ್ಟು ಮತ, 104 ಸೀಟು. 2023ರಲ್ಲೂ ಶೇ 36ರಷ್ಟೇ ಮತ, ಆದರೆ ಸೀಟು 66. ಜೆಡಿಎಸ್ ಪ್ರಮಾಣ ಸುಮಾರು 18ರಿಂದ 13ಕ್ಕೆ ಇಳಿದು, ಕಾಂಗ್ರೆಸ್‌ನದು 38ರಿಂದ 43ರ ಹತ್ತಿರಕ್ಕೆ ಏರಿದ್ದರಿಂದ ಕಾಂಗ್ರೆಸ್ 135 ಗೆದ್ದಿತು. ಮತವನ್ನು ಸೀಟಾಗಿ ಬದಲಿಸುವ ಈ ಹೆಜ್ಜೆಯಲ್ಲೇ ಸಮೀಕ್ಷೆಗಳು ಹೆಚ್ಚಾಗಿ ಜಾರುತ್ತವೆ. ಆ ಬಾರಿ ಹಲವು ಸಂಸ್ಥೆಗಳು ಅತಂತ್ರ ವಿಧಾನಸಭೆ ಎಂದವು. ಆಕ್ಸಿಸ್ ಮೈ ಇಂಡಿಯಾ ಕಾಂಗ್ರೆಸ್‌ಗೆ 122ರಿಂದ 140 ಎಂದಿತು, ಸರಿಯಾಯಿತು. ಮರುವರ್ಷ ಲೋಕಸಭೆಯಲ್ಲಿ ಅದೇ ಸಂಸ್ಥೆ ಎನ್‌ಡಿಎಗೆ 361ರಿಂದ 401 ಎಂದಿತು, ಬಂದದ್ದು 293. ಒಮ್ಮೆ ಸರಿ ಹೇಳಿದವರು ಮುಂದೆಯೂ ಸರಿ ಹೇಳುತ್ತಾರೆಂದು ನಂಬಿ ಹೊಲ, ಟ್ರ್ಯಾಕ್ಟರ್ ಪಣಕ್ಕಿಡುವವರು ಇದನ್ನು ಎರಡು ಬಾರಿ ಓದಬೇಕು.

‘ಮತದಾನ ಏರಿದರೆ ಯಾರಿಗೆ ಲಾಭ?’

ಚರ್ಚೆಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಕೊಡುವವರ ಮುಂದೆ ಮೂರು ಅಂಕಿಗಳನ್ನು ಇಡಿ. ರಾಜ್ಯದಲ್ಲಿ ಮತದಾನ 2013ರಲ್ಲಿ ಶೇ 71ರ ಆಸುಪಾಸು, 2018ರಲ್ಲಿ 72, 2023ರಲ್ಲಿ 73. ಏರಿದ್ದು ಒಂದೊಂದೇ ಮೆಟ್ಟಿಲು. ಫಲಿತಾಂಶ? ಮೊದಲನೆಯದರಲ್ಲಿ 122 ಸೀಟಿನೊಂದಿಗೆ ಕಾಂಗ್ರೆಸ್, ಎರಡನೆಯದರಲ್ಲಿ ಅತಂತ್ರ, ಮೂರನೆಯದರಲ್ಲಿ ಮತ್ತೆ ಕಾಂಗ್ರೆಸ್. 1985ರಲ್ಲಿ ರಾಮಕೃಷ್ಣ ಹೆಗಡೆಯವರ ನಂತರ ಯಾವ ಆಡಳಿತ ಪಕ್ಷವೂ ಇಲ್ಲಿ ಬಹುಮತದೊಂದಿಗೆ ಮರಳಿ ಗೆದ್ದು ಬಂದಿಲ್ಲ. ಮತದಾನ ಏರಿದಾಗಲೂ ಬಂದಿಲ್ಲ, ಇಳಿದಾಗಲೂ ಬಂದಿಲ್ಲ. ಎಷ್ಟು ಜನ ಬಂದರು ಎಂಬುದನ್ನಷ್ಟೇ ಈ ಅಂಕಿ ಹೇಳುತ್ತದೆ. ಯಾವ ಗುಂಡಿ ಒತ್ತಿದರು ಎಂಬುದು ಆ ಮರೆಯೊಳಗೇ ಉಳಿದಿರುತ್ತದೆ, ಉಳಿಯಲೂ ಬೇಕು.

ಎಣಿಕೆಯ ನಂತರ ಒಂದು ಕೆಲಸ ಬಾಕಿ

ಎಣಿಕೆಯ ದಿನದ ಸುತ್ತುಗಳ ಗದ್ದಲ ಮುಗಿದು, ವಿಜಯೋತ್ಸವದ ಪಟಾಕಿ ಕಾಗದ ಗುಡಿಸಿದ ಮೇಲೆ ನಮೂನೆ 20 ಮತ್ತೆ ಜಾಲತಾಣಕ್ಕೆ ಬರುತ್ತದೆ. ನಿಮ್ಮ ಮತಗಟ್ಟೆಯ ಸಾಲನ್ನು ಹುಡುಕಿ, ನೋಟಾ ಸೇರಿ ಎಲ್ಲರಿಗೂ ಬಿದ್ದ ಮತಗಳನ್ನು ಕೂಡಿ, ಅಂದು ರಾತ್ರಿ ಏಜೆಂಟರಿಂದ ಪಡೆದ 17ಸಿ ಸಂಖ್ಯೆಯ ಪಕ್ಕ ಬರೆಯಿರಿ. ಎರಡೂ ತಾಳೆಯಾಗಬೇಕು, ಆಗದಿದ್ದರೆ ಕಾರಣವನ್ನು ಚುನಾವಣಾಧಿಕಾರಿಗೆ ಬರೆದು ಕೇಳಿ. ಹಾಳೆಯನ್ನು ಮತದಾರರ ಗುರುತಿನ ಚೀಟಿಯ ಜೊತೆಗೇ ಮಡಚಿಡಿ. ಮುಂದಿನ ಬಾರಿ ಎಡಗಡೆಯ ಕಾಲಂ ತುಂಬಲು ಅದು ಬೇಕಾಗುತ್ತದೆ.