ಕುಂಜಾರುಗಿರಿಗೆ ಸಂಜೆ ಹೊತ್ತಿನ ಒಂದು ಸುತ್ತು

ಉಡುಪಿಯಲ್ಲಿ ಬೆಟ್ಟ ಹತ್ತಬೇಕು ಅಂದರೆ ಎಲ್ಲರೂ ಕೊಡಚಾದ್ರಿ ಅನ್ನುತ್ತಾರೆ. ಅದಕ್ಕೆ ರಜೆ ಬೇಕು, ಅಮ್ಮನ ಮೊಣಕಾಲೂ ಒಪ್ಪಬೇಕು. ಹಾಗಾಗಿ ನಾನು ಕುಂಜಾರುಗಿರಿ ಹಿಡಿದೆ. ಕಟಪಾಡಿಯಿಂದ ಶಿರ್ವದ ಕಡೆ ಹೋಗುವಾಗ ಶಂಕರಪುರ ಸಿಗುತ್ತದೆ ನೋಡಿ, ಮಲ್ಲಿಗೆಯ ಊರು, ಆ ಕಡೆಯ ಗುಡ್ಡೆ. ತುದಿಯಲ್ಲಿ ದುರ್ಗೆ, ಬುಡದಲ್ಲಿ ಮಧ್ವಾಚಾರ್ಯರು ಹುಟ್ಟಿದ ಪಾಜಕ. ಸುತ್ತ ಪರಶು, ಧನುಸ್ಸು, ಬಾಣ, ಗದಾ ಅಂತ ನಾಲ್ಕು ತೀರ್ಥಗಳು. ಒಂದು ಸುತ್ತು ಹಾಕಿ ಬರಲು ಹೇಳಿ ಮಾಡಿಸಿದ ಜಾಗ.

ಮೊದಲ ಸಲ ಎಲ್ಲಾ ತಪ್ಪು ಮಾಡಿದೆ. ಹೋದದ್ದು ಮಾರ್ಚ್‌ನಲ್ಲಿ, ಬೆಳಿಗ್ಗೆ. ತುದಿಯಲ್ಲಿ ನಿಂತು ಪೂರ್ವಕ್ಕೆ ನೋಡಿದರೆ ಬಿಸಿಲು ಕಣ್ಣಿಗೇ ಹೊಡೆಯುತ್ತಿತ್ತು. ಘಟ್ಟ ಇರಬೇಕಾದ ಕಡೆ ಬರೀ ಬಿಳಿ ಮಬ್ಬು. ಜೊತೆಗೆ, ಚಪ್ಪಲಿಯನ್ನು ಮೆಟ್ಟಿಲ ಬುಡದಲ್ಲೇ ಬಿಟ್ಟಿದ್ದೆ. ಇನ್ನೊಂದು ಬದಿಯಿಂದ ಇಳಿಯೋಣ ಅಂತ ಹೊರಟವನು ಕಾದ ಮುರಕಲ್ಲಿನ ಮೇಲೆ ನಾಲ್ಕು ಹೆಜ್ಜೆ ಕುಣಿದು, ಬಂದ ದಾರಿಯಲ್ಲೇ ವಾಪಸ್ ಬಂದೆ.

ಎರಡನೇ ಸಲ ಅಕ್ಟೋಬರ್. ಹಿಂದಿನ ದಿನ ಜೋರು ಮಳೆ ಬಂದಿತ್ತು. ಮೂರೂವರೆಗೆ ಹೊರಟೆವು, ನಾನು, ಅಮ್ಮ, ಏಳು ವರ್ಷದ ಮಗಳು. ಈ ಸಲ ಚಪ್ಪಲಿಯನ್ನು ಜೊತೆಗೇ ಒಯ್ಯಲು ಒಂದು ಬಟ್ಟೆ ಚೀಲ ಇತ್ತು. ಅಮ್ಮ ಮೆಟ್ಟಿಲಿಗೊಮ್ಮೆ ನಿಂತು ಉಸಿರು ತಗೊಂಡರೂ ಹತ್ತಿಯೇ ಬಿಟ್ಟರು. ಆಗದವರಿಗೆ ವಾಹನದ ರಸ್ತೆಯೂ ಇದೆ.

ದೇವಿಗೆ ಕೈಮುಗಿದು ಹೊರಗೆ ಬಂದು ನೋಡಿದರೆ, ಅಬ್ಬಾ! ಬಿಸಿಲು ನಮ್ಮ ಬೆನ್ನ ಹಿಂದಿನಿಂದ, ಸಮುದ್ರದ ಕಡೆಯಿಂದ ನೇರ ಘಟ್ಟದ ಮೇಲೆ ಬೀಳುತ್ತಿತ್ತು. ಬೆಳಿಗ್ಗೆ ಘಟ್ಟದ ನೆರಳಿನ ಮುಖ ನಮ್ಮ ಕಡೆಗೆ, ಸಂಜೆ ಬೆಳಕಿನ ಮುಖ. ಇಷ್ಟು ಸರಳ ವಿಷಯ ನನಗೆ ಹೊಳೆದಿರಲಿಲ್ಲ. ಕುದುರೆಮುಖದ ಸಾಲು ಮಡಿಕೆ ಮಡಿಕೆಯಾಗಿ ಕಾಣುತ್ತಿತ್ತು. ಮಳೆ ದೂಳನ್ನೆಲ್ಲ ತೊಳೆದಿತ್ತಲ್ಲ, ಅದೂ ಒಂದು ಕಾರಣ. ಹಿಂದೆ ತಿರುಗಿದರೆ ತೆಂಗಿನ ತೋಟಗಳಾಚೆ ಕಡಲು.

ಹತ್ತಿರದ ಪರಶುರಾಮನ ಪುಟ್ಟ ಗುಡಿಗೂ ಹೋಗಿ ಪಾಜಕದ ಕಡೆ ಇಳಿದೆವು. ರಸ್ತೆ ಸ್ವಲ್ಪ, ಕಾಲುದಾರಿ ಸ್ವಲ್ಪ. ದೊಡ್ಡ ಕಾಡೇನಲ್ಲ, ನಮ್ಮ ಕಡೆಯ ಹಾಡಿ ಅಷ್ಟೆ: ಗೇರು, ಕುಂಟಾಲ, ಕೇಪುಳ, ನಡುವೆ ಮುಳಿಹುಲ್ಲು. ನೀರು ಜಿನುಗುವ ಪಾದೆಕಲ್ಲಿನ ಮೇಲೆ ಸಾಸಿವೆಯಷ್ಟು ಸಣ್ಣ ನೇರಳೆ ಹೂಗಳು. ಯುಟ್ರಿಕುಲೇರಿಯಾ ಅಂತ ಅದರ ಹೆಸರು, ಬುಡದ ಚೀಲಗಳಲ್ಲಿ ಸೂಕ್ಷ್ಮ ಜೀವಿಗಳನ್ನು ಹಿಡಿದು ತಿನ್ನುತ್ತದೆ. ಮಗಳು ಕಾಲು ಗಂಟೆ ಅಲ್ಲೇ ಕುಕ್ಕರಗಾಲಲ್ಲಿ ಕೂತಳು. ಪಾಚಿ ಇರುವ ಕಡೆ ಮಾತ್ರ ಜೋಪಾನ, ನಾನೇ ಒಮ್ಮೆ ಜಾರಿದೆ.

ಅಮ್ಮ ಇಳಿಯುತ್ತಾ ಕಥೆ ಶುರು ಮಾಡಿದರು. ತಾಯಿ ಕರೆದಾಗ ಬಾಲಕ ಮಧ್ವ ಈ ಬೆಟ್ಟದಿಂದ ಒಂದೇ ನೆಗೆತಕ್ಕೆ ಪಾಜಕಕ್ಕೆ ಹಾರಿದ್ದರಂತೆ, ಹೆಜ್ಜೆ ಗುರುತು ಈಗಲೂ ಕೆಳಗೆ ಉಂಟು ಅಂತ. "ಅಜ್ಜಿ, ನಾನೂ ಹಾರ್ಲಾ?" ಅಂದಳು ಮಗಳು. ಅಮ್ಮ ಅವಳ ಕೈ ಗಟ್ಟಿ ಹಿಡಿದುಕೊಂಡರು.

ಬುಡದ ಹತ್ತಿರ ಕವಲುದಾರಿಯಲ್ಲಿ ತಪ್ಪಿ ಒಂದು ಮನೆಯ ಅಂಗಳಕ್ಕೇ ಹೋಗಿಬಿಟ್ಟೆವು. ನಾಯಿ ಬೊಗಳಿತು. ಒಬ್ಬರು ಅಜ್ಜಿ ಹೊರಗೆ ಬಂದು "ಆಸರಿಗೆ ಬೇಕಾ?" ಅಂತ ಕೇಳಿ ನೀರು, ಬೆಲ್ಲ ಕೊಟ್ಟರು. "ಗದ್ದೆಯ ಬದುವಲ್ಲೇ ಹೋಗಿ, ರಸ್ತೆ ಸಿಗ್ತದೆ" ಅಂದರು. ಹಾಗೇ ಸಿಕ್ಕಿತು.

ಒಟ್ಟು ಎರಡೂವರೆ ಗಂಟೆ ಬೇಕಾಯಿತು, ಕತ್ತಲಾಗುವ ಮೊದಲೇ ಕಾರಿನ ಹತ್ತಿರ ಇದ್ದೆವು. ನಾಲ್ಕು ತೀರ್ಥಗಳಲ್ಲಿ ಎರಡನ್ನಷ್ಟೇ ನೋಡಲು ಆಯಿತು. ಉಳಿದ ಎರಡಕ್ಕೆ ನವೆಂಬರ್‌ನಲ್ಲಿ ಹೋಗೋಣ ಅಂತ ಅಮ್ಮನೇ ಹೇಳಿದ್ದಾರೆ, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ.