ಸ್ಪರ್ಧಾ ಆಯೋಗಕ್ಕೆ ದೂರು: ಬರೆಯುವ ಬಗೆ, ಬಿದ್ದುಹೋಗುವ ಜಾಗ

ಬಡಾವಣೆಗೆ ಒಬ್ಬನೇ ಕೇಬಲ್‌ನವನು, ತಾಲ್ಲೂಕಿಗೆ ಒಬ್ಬನೇ ಡೀಲರ್, ಮೊಬೈಲಿಗೆ ಒಂದೇ ಆ್ಯಪ್ ಸ್ಟೋರ್. ಇಂಥ ಕಡೆ ದರ ಏರಿದರೂ ಸೇವೆ ಕೆಟ್ಟರೂ ಬಿಟ್ಟು ಹೋಗಲು ಇನ್ನೊಂದು ಅಂಗಡಿ ಇರುವುದಿಲ್ಲ. ಸರಕು ಪೂರೈಸುವವನು ಆ ಒಬ್ಬ ಹೇಳಿದ ಬೆಲೆಗೇ ಕೊಡಬೇಕು, ಹೊಸಬ ಕಾಲಿಡುವ ಹಾಗಿಲ್ಲ. ಇದನ್ನು ತಡೆಯಲೆಂದೇ ಇರುವುದು 2002ರ ಸ್ಪರ್ಧಾ ಕಾಯ್ದೆ. ಜಾರಿ ಮಾಡುವುದು ದೆಹಲಿಯ ಭಾರತೀಯ ಸ್ಪರ್ಧಾ ಆಯೋಗ. ಆದರೆ ಎಷ್ಟೋ ದೂರುಗಳು ತನಿಖೆಯ ಹೊಸ್ತಿಲನ್ನೂ ದಾಟುವುದಿಲ್ಲ. ದೂರುದಾರರು ಅನ್ಯಾಯವನ್ನು ವಿವರವಾಗಿ ಬರೆದಿರುತ್ತಾರೆ, ಮಾರುಕಟ್ಟೆಯನ್ನು ಬರೆದಿರುವುದಿಲ್ಲ.

ಮೊದಲು, ತಟ್ಟಬೇಕಾದ ಬಾಗಿಲು ಇದೇನಾ ಎಂದು ನೋಡಿಕೊಳ್ಳಿ. ಎಂಆರ್‌ಪಿಗಿಂತ ಹೆಚ್ಚು ವಸೂಲಿ ಮಾಡಿದರೆ ಕಾನೂನು ಮಾಪನಶಾಸ್ತ್ರ ಇಲಾಖೆ. ಕೊಂಡ ಫ್ರಿಜ್ ಕೆಟ್ಟು ಕಂಪನಿ ಕೈಯೆತ್ತಿದರೆ ಜಿಲ್ಲಾ ಗ್ರಾಹಕ ಆಯೋಗ. ಸ್ಪರ್ಧಾ ಆಯೋಗ ಕೇಳುವುದು ಎರಡು ಬಗೆಯ ತಕರಾರು: ಸೆಕ್ಷನ್ 3ರಡಿ ಪೈಪೋಟಿ ಕೊಲ್ಲುವ ಒಳಒಪ್ಪಂದ, ಸೆಕ್ಷನ್ 4ರಡಿ ಪ್ರಾಬಲ್ಯದ ದುರುಪಯೋಗ. ದೊಡ್ಡದಾಗಿ ಬೆಳೆದದ್ದು ತಪ್ಪಲ್ಲ. ಆ ಬಲದಿಂದ ಅನ್ಯಾಯದ ದರ ಅಥವಾ ಷರತ್ತು ಹೇರುವುದು, ಒಂದು ಬೇಕೆಂದರೆ ಇನ್ನೊಂದನ್ನೂ ಕೊಳ್ಳಿ ಎನ್ನುವುದು, ಬೇರೆಯವರಿಗೆ ಮಾರುಕಟ್ಟೆಯ ದಾರಿ ಮುಚ್ಚುವುದು ತಪ್ಪು.

ಮಾರುಕಟ್ಟೆಯನ್ನು ಬರೆಯುವುದು

ಸೆಕ್ಷನ್ 4ರ ದೂರಿನಲ್ಲಿ ಅರ್ಧ ಶ್ರಮ ಇಲ್ಲೇ ಹೋಗಬೇಕು. ಎರಡು ಪ್ರಶ್ನೆಗೆ ಉತ್ತರ ಕೊಡಿ. ಈ ಸರಕಿಗೆ ಬದಲಿ ಯಾವುದು? ಕೊಳ್ಳುವವರು ಎಷ್ಟು ದೂರದವರೆಗೆ ಹೋಗಿ ಕೊಳ್ಳಬಲ್ಲರು? ಒಂದು ಹಳೆಯ ಪರೀಕ್ಷೆಯಿದೆ: ದರ 5ರಿಂದ 10 ಶೇಕಡ ಏರಿ ಹಾಗೇ ನಿಂತರೆ ಗಿರಾಕಿಗಳು ಬೇರೆ ಕಡೆ ಹೋಗುತ್ತಾರೆಯೇ? ಹೋಗುವುದಾದರೆ ಆ ಬೇರೆ ಕಡೆಯೂ ಅದೇ ಮಾರುಕಟ್ಟೆಯ ಭಾಗ, ನಿಮ್ಮ ಎದುರಾಳಿಯ ಪಾಲು ಅಷ್ಟರಮಟ್ಟಿಗೆ ಕಡಿಮೆ. ಇಷ್ಟು ಶೇಕಡ ಪಾಲಿದ್ದರೆ ಪ್ರಬಲ ಎಂಬ ಗೆರೆ ಕಾಯ್ದೆಯಲ್ಲಿಲ್ಲ. ಪಾಲಿನ ಜೊತೆ ಹಣಬಲ, ಗಿರಾಕಿಗಳ ಅವಲಂಬನೆ, ಹೊಸಬರಿಗಿರುವ ಅಡ್ಡಿ ಎಲ್ಲವನ್ನೂ ಸೆಕ್ಷನ್ 19(4) ತೂಗುತ್ತದೆ. ಪ್ರತಿಯೊಂದಕ್ಕೂ ಒಂದೊಂದು ಪ್ಯಾರಾ ಬರೆಯಿರಿ.

ಪ್ರಾಬಲ್ಯ ತೋರಿಸುವಲ್ಲಿ ಎಡವಿದರೆ ಏನಾಗುತ್ತದೆ ಎನ್ನುವುದಕ್ಕೆ ಬೆಂಗಳೂರಿನ ಕ್ಯಾಬ್ ಪ್ರಕರಣ ನೋಡಿ. ಓಲಾ ರಿಯಾಯಿತಿ ಮತ್ತು ಚಾಲಕರ ಪ್ರೋತ್ಸಾಹಧನದ ಮೂಲಕ ಪೈಪೋಟಿಗಾರರನ್ನು ಹೊರದೂಡಲು ವೆಚ್ಚಕ್ಕಿಂತ ಕಡಿಮೆ ದರದಲ್ಲಿ ಓಡಿಸುತ್ತಿದೆ ಎಂದು 2015ರಲ್ಲಿ ಪ್ರತಿಸ್ಪರ್ಧಿ ಕಂಪನಿಗಳು ದೂರಿದವು. ಬೆಂಗಳೂರಿನ ರೇಡಿಯೋ ಟ್ಯಾಕ್ಸಿ (ಫೋನ್ ಅಥವಾ ಆ್ಯಪ್‌ನಲ್ಲಿ ಕರೆಸುವ ಕ್ಯಾಬ್) ಸೇವೆಯನ್ನೇ ಮಾರುಕಟ್ಟೆ ಎಂದು ಒಪ್ಪಿ ತನಿಖೆಯೂ ನಡೆಯಿತು. 2017ರ ಜುಲೈನಲ್ಲಿ ಆಯೋಗ ಕಡತ ಮುಚ್ಚಿತು: ಊಬರ್ ಅಷ್ಟು ವೇಗವಾಗಿ ಬೆಳೆದಿರುವಾಗ ಓಲಾ ಪ್ರಬಲ ಎನ್ನಲಾಗದು. ಇಬ್ಬರೂ ಸೇರಿ ಪ್ರಬಲರು ಎಂಬ ವಾದವೂ ನಿಲ್ಲಲಿಲ್ಲ, ಏಕೆಂದರೆ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಕಂಪನಿಗಳ ಜಂಟಿ ಪ್ರಾಬಲ್ಯ ಕಾಯ್ದೆಯಲ್ಲಿಲ್ಲ. ನಮ್ಮ ಲೆಕ್ಕದಲ್ಲಿ ಇದು ಕಾಯ್ದೆಯ ದೊಡ್ಡ ತೂತು. ಇಬ್ಬರೇ ಆಳುವ ಮಾರುಕಟ್ಟೆಯ ಬಗ್ಗೆ ದೂರಿದ್ದರೆ ಸೆಕ್ಷನ್ 4ನ್ನು ನೆಚ್ಚಬೇಡಿ.

ಗೆದ್ದ ಕಡೆ ನೋಡಬೇಕೆಂದರೆ ಕಟ್ಟಡ ನಿರ್ಮಾಣ ಕಂಪನಿ ಡಿಎಲ್‌ಎಫ್‌ನ ಪ್ರಕರಣ. ಗುರಗಾಂವ್‌ನ ಫ್ಲ್ಯಾಟ್ ಕೊಂಡವರ ಸಂಘ ಮುಂದಿಟ್ಟದ್ದು ಮುಖ್ಯವಾಗಿ ಖರೀದಿ ಕರಾರುಪತ್ರವನ್ನೇ. ಅದರ ಏಕಪಕ್ಷೀಯ ಷರತ್ತುಗಳೇ ಸಾಕ್ಷಿಯಾದವು. 2011ರ ಆಗಸ್ಟಿನಲ್ಲಿ 630 ಕೋಟಿ ರೂಪಾಯಿ ದಂಡ ಬಿತ್ತು.

ಒಳಒಪ್ಪಂದವಾದರೆ

ಎಲ್ಲರೂ ಒಂದೇ ದಿನ ಒಂದೇ ದರ ಏರಿಸಿದರು ಎನ್ನುವುದಷ್ಟೇ ಸಾಲದು. ಕಚ್ಚಾ ಮಾಲಿನ ಬೆಲೆ ಏರಿದರೂ ಹಾಗಾಗುತ್ತದೆ. ಮಾತುಕತೆ ನಡೆದ ಕುರುಹು ಬೇಕು. ಬಿಯರ್ ಕಂಪನಿಗಳ ಮೇಲೆ 2021ರ ಸೆಪ್ಟೆಂಬರಿನಲ್ಲಿ 873 ಕೋಟಿ ರೂಪಾಯಿ ದಂಡ ಬಿದ್ದಾಗ ಇಮೇಲ್ ಮತ್ತು ವಾಟ್ಸಾಪ್ ಸಂದೇಶಗಳು ಕಡತದಲ್ಲಿದ್ದವು. ಅಂಥದ್ದು ಹೊರಗಿನವರ ಕೈಗೆ ಸಿಗುವುದು ಅಪರೂಪ. ಕೂಟದೊಳಗಿನ ಕಂಪನಿಯೇ ಮೊದಲು ಬಂದು ಬಾಯಿಬಿಟ್ಟರೆ ದಂಡದಲ್ಲಿ 100 ಶೇಕಡದವರೆಗೂ ರಿಯಾಯಿತಿ ಇರುವುದು ಅದಕ್ಕೇ.

ವ್ಯಾಪಾರಿ ಸಂಘಗಳ ವಿಷಯದಲ್ಲಿ ಕೆಲಸ ಸುಲಭ. ಅವರು ಸುತ್ತೋಲೆ ಹೊರಡಿಸುತ್ತಾರೆ, ಠರಾವು ಬರೆಯುತ್ತಾರೆ, ಪತ್ರಿಕೆಗೆ ಹೇಳಿಕೆಯನ್ನೂ ಕೊಡುತ್ತಾರೆ. ಎಲ್ಲವನ್ನೂ ದಿನಾಂಕದೊಂದಿಗೆ ಕೂಡಿಡಿ. ಡಬ್ಬಿಂಗ್ ತಡೆಯ ವಿರುದ್ಧ ಕನ್ನಡ ಗ್ರಾಹಕರ ಕೂಟ 2012ರಲ್ಲಿ ಹೂಡಿದ ಪ್ರಕರಣ ಇದೇ ಬಗೆಯದು. 2015ರ ಜುಲೈನಲ್ಲಿ ಆಯೋಗ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ ಮತ್ತಿತರ ಸಂಘಗಳಿಗೆ ದಂಡ ಹಾಕಿತು. ಮೂರು ವರ್ಷ ಹಿಡಿಯಿತು ಎಂಬುದನ್ನೂ ಗಮನಿಸಿ.

ಸಲ್ಲಿಕೆ

ಸೆಕ್ಷನ್ 19(1)(ಎ) ಅಡಿ ಸಲ್ಲಿಸುವ ಕಾಗದಕ್ಕೆ ‘ಮಾಹಿತಿ’ ಎಂದು ಹೆಸರು. ನೀವೇ ನೊಂದವರಾಗಿರಬೇಕಿಲ್ಲ, 2020ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಘಟನೆಗಳ ಪಟ್ಟಿ ತಾರೀಖಿನ ಕ್ರಮದಲ್ಲಿರಲಿ, ಪ್ರತಿ ಆರೋಪದ ಪಕ್ಕ ದಾಖಲೆಯ ಸಂಖ್ಯೆ ಇರಲಿ. ಕನ್ನಡದ ರಸೀದಿ, ಪತ್ರಗಳಿಗೆ ಇಂಗ್ಲಿಷ್ ಅನುವಾದ ಲಗತ್ತಿಸಿ. ಎದುರಾಳಿಯೊಂದಿಗೆ ಬೇರೆ ಕೋರ್ಟಿನಲ್ಲಿ ವ್ಯಾಜ್ಯವಿದ್ದರೆ ಮುಚ್ಚಿಡಬೇಡಿ. ಹೆಸರು ಗೋಪ್ಯವಾಗಿಡಬೇಕಿದ್ದರೆ ಸಲ್ಲಿಸುವಾಗಲೇ ಕೇಳಿ. ಒಬ್ಬ ವ್ಯಕ್ತಿಗೆ ಶುಲ್ಕ 5,000 ರೂಪಾಯಿ, ಕಂಪನಿಗಳಿಗೆ ವಹಿವಾಟಿನ ಮೇಲೆ ಏರುತ್ತದೆ. ಕಟ್ಟುವ ಮುಂಚೆ ಆಯೋಗದ ಜಾಲತಾಣದಲ್ಲಿ ಚಾಲ್ತಿ ದರ ನೋಡಿ. 2023ರ ತಿದ್ದುಪಡಿಯ ನಂತರ 3 ವರ್ಷದ ಗಡುವಿದೆ. ತಡವಾದರೆ ತಕ್ಕ ಕಾರಣ ತೋರಿಸಬೇಕು.

ಮೇಲ್ನೋಟಕ್ಕೆ ಹುರುಳಿದೆ ಎನಿಸಿದರೆ ಆಯೋಗ ತನಿಖಾ ವಿಭಾಗದ ಮುಖ್ಯಸ್ಥರಾದ ಮಹಾನಿರ್ದೇಶಕರಿಗೆ ತನಿಖೆ ಒಪ್ಪಿಸುತ್ತದೆ, ಇಲ್ಲವಾದರೆ ಸೆಕ್ಷನ್ 26(2)ರಡಿ ಮುಚ್ಚುತ್ತದೆ. ಮುಚ್ಚಿದರೆ 60 ದಿನದೊಳಗೆ ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ದಂಡದ ಹಣ ಸರ್ಕಾರದ ಬೊಕ್ಕಸಕ್ಕೆ ಸೇರುತ್ತದೆ, ನಿಮಗೆ ಬಿಡಿಗಾಸೂ ಬರುವುದಿಲ್ಲ. ನಷ್ಟ ಪರಿಹಾರ ಬೇಕೆಂದರೆ ತಪ್ಪು ಸಾಬೀತಾದ ಮೇಲೆ ಸೆಕ್ಷನ್ 53ಎನ್ ಅಡಿ ಅದೇ ಮೇಲ್ಮನವಿ ನ್ಯಾಯಮಂಡಳಿಗೆ ಬೇರೆಯೇ ಅರ್ಜಿ ಹಾಕಬೇಕು. ಹಾಗಾಗಿ ಮೊದಲ ದಿನದಿಂದಲೇ ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟುಗಳನ್ನು ಬೇರೆ ಕಡತದಲ್ಲಿ ಜೋಡಿಸಿಡಿ.