ಕೊರವ ಮೀನಿನ ಮರಿ ಸಾಕಿದ ನನ್ನ ಅನುಭವ

ಕೊರವ ಮೀನನ್ನು ಸಾಕಲು ತೊಡಗಿದ ಮೊದಲ ವರ್ಷ ನಾನು ಕಳೆದುಕೊಂಡ ಮರಿಗಳಲ್ಲಿ ಹೆಚ್ಚಿನವು ರೋಗದಿಂದ ಸತ್ತವಲ್ಲ. ಒಡಹುಟ್ಟಿದ ಮರಿಗಳ ಬಾಯಿಗೇ ಅವು ಸೇರಿಹೋದವು. ಮುರ್ರೆಲ್ ಎಂದೂ ಕರೆಯುವ ಈ ಮೀನು, ವೈಜ್ಞಾನಿಕ ಹೆಸರಿನಲ್ಲಿ ಚನ್ನಾ ಸ್ಟ್ರಯಾಟ, ಕಪ್ಪೆಯನ್ನೂ ಸಣ್ಣ ಮೀನುಗಳನ್ನೂ ಹೊಂಚಿ ಹಿಡಿಯುತ್ತದೆ ಎಂಬುದು ನನಗೆ ತಿಳಿದಿತ್ತು. ಉಗುರಿನಷ್ಟು ಉದ್ದದ ಮರಿಯೂ ತನ್ನಂಥದ್ದನ್ನೇ ಬೇಟೆಯಾಡಬಹುದೆಂದು ಮಾತ್ರ ಎಣಿಸಿರಲಿಲ್ಲ.

ಜೋಡಿಯನ್ನು ಜಲಸಸ್ಯ ತುಂಬಿದ ಕೊಳದಲ್ಲಿ ಬಿಟ್ಟಿದ್ದೆ. ಅವು ಗಿಡಗಳನ್ನು ಬದಿಗೆ ಸರಿಸಿ ಮಾಡಿಕೊಂಡ ತೆರವಿನಲ್ಲಿ ಹಳದಿ ಮೊಟ್ಟೆಗಳು ತೇಲುತ್ತಿದ್ದವು. ಬೆಚ್ಚಗಿನ ನೀರಿನಲ್ಲಿ ಒಂದೆರಡು ದಿನಗಳೊಳಗೆ ಮರಿಗಳು ಹೊರಬಂದವು. ಮುಂದೆ ಅವು ಕೆಂಬಣ್ಣದ ಗುಂಪಾಗಿ ಒಟ್ಟಿಗೇ ಮೇಲೇಳುತ್ತ, ಒಟ್ಟಿಗೇ ಇಳಿಯುತ್ತ ಇದ್ದಾಗ ಕೆಳಗೆ ಕಾವಲಿದ್ದ ದೊಡ್ಡ ಮೀನು ನಾನು ಇಳಿಬಿಟ್ಟ ಕೋಲಿನ ಮೇಲೆಯೇ ಎರಗಿತು. ಅಷ್ಟು ಜತನದ ಕಾವಲು ಕಂಡ ಮೇಲೆ, ಆ ಮರಿಗಳು ಒಂದನ್ನೊಂದು ತಿನ್ನುತ್ತವೆಂದು ನಂಬಲು ನನಗೆ ಬಹಳ ಕಷ್ಟವಾಯಿತು.

ಅವುಗಳನ್ನು ತೊಟ್ಟಿಗೆ ತಂದು ನೀರಿನ ಸೂಕ್ಷ್ಮ ಪ್ರಾಣಿಗಳನ್ನು ಉಣಿಸುತ್ತಿದ್ದಾಗ ಮೊದಲ ಕೆಲವು ದಿನ ಯಾವ ತೊಂದರೆಯೂ ಇರಲಿಲ್ಲ. ಆಮೇಲೆ ಕೆಲವು ಮರಿಗಳು ಉಳಿದವುಗಳಿಗಿಂತ ಬೇಗ ಬೆಳೆದವು, ಎಣಿಕೆ ದಿನದಿನವೂ ಇಳಿಯಿತು. ಒಂದು ಬೆಳಿಗ್ಗೆ, ಅರ್ಧ ನುಂಗಿದ ಮರಿ ಗಂಟಲಲ್ಲಿ ಸಿಕ್ಕಿಕೊಂಡು ಎರಡೂ ಸತ್ತು ತೇಲುತ್ತಿದ್ದುದನ್ನು ನೋಡಿದಾಗಲೇ ಕಾರಣ ಹೊಳೆಯಿತು. ಕೊರವದ ಬಾಯಿ ಅಗಲ, ಆದುದರಿಂದ ಗಾತ್ರದಲ್ಲಿ ತುಸು ಅಂತರ ಬಿದ್ದರೂ ಚಿಕ್ಕದು ಆಹಾರವಾಗುತ್ತದೆ. ಹಾಗೆ ತಿಂದದ್ದು ಇನ್ನಷ್ಟು ಬೆಳೆದು ಆ ಅಂತರವನ್ನು ಮತ್ತೂ ಹಿಗ್ಗಿಸುತ್ತದೆ. ಹಸಿವು ಇದಕ್ಕೆ ತುಪ್ಪ ಸುರಿಯುತ್ತದೆ, ಆದರೆ ಹೊಟ್ಟೆ ತುಂಬಿಸಿದ ಮಾತ್ರಕ್ಕೆ ಇದು ನಿಲ್ಲುವುದಿಲ್ಲ.

ಅಂದಿನಿಂದ ವಾರಕ್ಕೊಮ್ಮೆ ಬೇರೆ ಬೇರೆ ಅಳತೆಯ ಕಿಂಡಿಗಳಿರುವ ಜಾಲರಿಗಳಿಂದ ಮರಿಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುತ್ತೇನೆ, ದಿನಕ್ಕೆ ಹಲವು ಬಾರಿ ಸ್ವಲ್ಪ ಸ್ವಲ್ಪವೇ ಉಣಿಸುತ್ತೇನೆ, ಅಡಗಿಕೊಳ್ಳಲು ಗಿಡಗಳನ್ನು ಬಿಟ್ಟಿರುತ್ತೇನೆ. ಅರೆದ ಮೀನಿಗೆ ಪುಡಿ ಆಹಾರವನ್ನು ಬೆರೆಸಿ, ಪುಡಿಯ ಪಾಲನ್ನು ನಿಧಾನವಾಗಿ ಏರಿಸಿದರೆ ಅವು ಅದಕ್ಕೂ ಒಗ್ಗಿಕೊಳ್ಳುತ್ತವೆ.

ಇನ್ನೊಂದು ತಪ್ಪನ್ನೂ ಹೇಳಲೇಬೇಕು. ಕಿವಿರುಗಳ ಮೇಲ್ಭಾಗದಲ್ಲಿರುವ ಅಂಗದಿಂದ ಗಾಳಿಯನ್ನು ನೇರವಾಗಿ ಉಸಿರಾಡುವ ಈ ಮೀನು ನೀರಿನ ಮೇಲ್ಮೈಗೆ ಬರಲಾಗದಿದ್ದರೆ ನೀರಿನಲ್ಲೇ ಉಸಿರುಗಟ್ಟಿ ಸಾಯುತ್ತದೆ. ಡಬ್ಬಿಯನ್ನು ಕಂಠಮಟ್ಟ ತುಂಬಿ ಮುಚ್ಚಳ ಹಾಕಿ ಸಾಗಿಸಿದ ನಾನು ಒಳ್ಳೆಯ ತಾಯಿ ಮೀನೊಂದನ್ನು ಹೀಗೆಯೇ ಕಳೆದುಕೊಂಡೆ. ಈಗ ಮುಚ್ಚಳದ ಕೆಳಗೆ ಗಾಳಿಗೆ ಜಾಗ ಬಿಡುತ್ತೇನೆ. ಹಾರಿಹೋಗದಂತೆ ತೊಟ್ಟಿಗೆ ಕಟ್ಟುವ ಬಲೆಯನ್ನೂ ನೀರಿಗೆ ತಾಗದಷ್ಟು ಎತ್ತರದಲ್ಲಿ ಬಿಗಿಯುತ್ತೇನೆ.

ವಿಂಗಡಿಸಿದ ದೊಡ್ಡ ಮರಿಗಳನ್ನು ಒಂದೇ ತೊಟ್ಟಿಗೆ ಹಾಕಿದ ಮೇಲೂ ಕೆಲವೇ ದಿನಗಳಲ್ಲಿ ಅವುಗಳ ನಡುವೆ ಮತ್ತೊಂದು ಮುಂದೆ ಹೋಗಿರುತ್ತದೆ, ಆಗ ಜಾಲರಿಯನ್ನು ಮತ್ತೆ ಕೈಗೆತ್ತಿಕೊಳ್ಳುತ್ತೇನೆ.